ಶುದ್ಧ ಗಾಳಿಯ ಒಣ ಕೋಣೆ

ನಮ್ಮ ಮನೆಯಲ್ಲಿ ಅಟ್ಟಕ್ಕೆ ಕಾಯಿ ಹಾಕಿದ ಮೇಲೆ ಹನ್ನೊಂದು ತಿಂಗಳು ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ತಾನಾಗಿ ಚಿಪ್ಪು ಬಿಡಬೇಕು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಅವಸರ ಮಾಡಿ ಒಡೆದರೆ ಅದು ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ. ತುರುವೇಕೆರೆಯಿಂದ ದಬ್ಬೇಘಟ್ಟದ ಕಡೆ ಹೋಗುವ ರಸ್ತೆಯಲ್ಲಿ ಯಾವ ಮನೆಯ ಬಾಗಿಲು ತಟ್ಟಿದರೂ ಇದನ್ನೇ ಹೇಳುತ್ತಾರೆ. ಇಂಥ ಅಟ್ಟದ ಒಂದು ಮೂಲೆಯಲ್ಲಿ ನನ್ನ ಓರಗಿತ್ತಿ ಭವ್ಯಶ್ರೀ ತನ್ನ ಗಾಜಿನ ಬಿಲ್ಲೆಗಳನ್ನು ತಂದಿಟ್ಟಳು. ಯಾರೂ ಬೇಡ ಅನ್ನಲಿಲ್ಲ. ಮಕ್ಕಳ ಕೈಗೆ ಸಿಗದ, ಬೆಕ್ಕು ಉರುಳಿಸದ, ಮಳೆಗಾಲದಲ್ಲೂ ತೇವ ಹಿಡಿಯದ ಜಾಗ ಅಂತ ನಮ್ಮ ಮನೆಯಲ್ಲಿದ್ದರೆ ಅದೊಂದೇ.

ಭವ್ಯ ನನ್ನ ಮೈದುನ ರುದ್ರೇಶನ ಹೆಂಡತಿ. ತುರುವೇಕೆರೆಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದಳು, ಅತಿಥಿ ಉಪನ್ಯಾಸಕಿ. ಅತಿಥಿ ಅನ್ನುವ ಮಾತಿಗೆ ಇಷ್ಟು ಅನ್ಯಾಯ ಬೇರೆಲ್ಲೂ ಆಗಿರಲಿಕ್ಕಿಲ್ಲ. ಮನೆಗೆ ಬಂದ ಅತಿಥಿಗೆ ಮಣೆ ಹಾಕುತ್ತೇವೆ. ಇವರನ್ನು ಪ್ರತಿ ವರ್ಷ ಬಾಗಿಲಲ್ಲೇ ನಿಲ್ಲಿಸಿಕೊಂಡು, ಈ ಸಲ ಒಳಗೆ ಬಿಡೋಣವೋ ಬೇಡವೋ ಅಂತ ಯೋಚನೆ ಮಾಡುತ್ತಾರೆ. ಜೊತೆಗೆ ಅವಳು ಪಿಎಚ್‌ಡಿಗೆ ಓದುತ್ತಿದ್ದಳು. ಶುರು ಮಾಡಿದ್ದು ಮದುವೆಯಾದ ಹೊಸತರಲ್ಲಿ. ಆಮೇಲೆ ಮಗಳು ವರ್ಷಿಣಿ ಹುಟ್ಟಿದಳು, ಅತ್ತೆಗೆ ಮಂಡಿ ಆಪರೇಷನ್ ಆಯಿತು, ಕೊರೊನಾ ಬಂತು, ಹೋಯಿತು. ಪ್ರತಿಯೊಂದೂ ಅವಳ ಓದಿನ ಮೇಲೆ ಕೂತು ಎದ್ದು ಹೋಯಿತು. ಕೊನೆಗೆ ವಿಶ್ವವಿದ್ಯಾಲಯದವರು ಇದೇ ಕಡೆಯ ಗಡುವು, ಇದು ಮೀರಿದರೆ ನೋಂದಣಿ ರದ್ದು ಅಂತ ಕಾಗದ ಕಳಿಸಿದ್ದರು.

ಆದರೆ ಅವಳಿಗೆ ಹೆಸರಿನ ಮುಂದೆ ಎರಡಕ್ಷರ ಸೇರಿಸಿಕೊಳ್ಳುವ ಚಪಲ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ. ಅವಳ ಆಸೆ ದೊಡ್ಡದು. ಈ ಲೋಕದಲ್ಲಿ ಯಾರೂ ಕಾಣದ ಒಂದನ್ನು, ಸಣ್ಣದಾದರೂ ಸರಿ, ತಾನು ಕಾಣಬೇಕು. ಒಂದು ದಿನ ರೊಟ್ಟಿ ತಟ್ಟುತ್ತಾ ಇದನ್ನು ನನ್ನ ಹತ್ತಿರ ಬಾಯಿಬಿಟ್ಟು ಹೇಳಿದ್ದಳು. ನಾನು ಬಿ.ಎ. ಎರಡನೇ ವರ್ಷಕ್ಕೇ ಪುಸ್ತಕ ಕಟ್ಟಿಟ್ಟು ತಾಳಿ ಕಟ್ಟಿಸಿಕೊಂಡವಳು. ಹೊಟ್ಟೆಕಿಚ್ಚು ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ನಮ್ಮ ಮನೆಯಿಂದ ಒಬ್ಬಳಿಗಾದರೂ ಅದು ಸಿಗಲಿ ಅಂತ ನನಗೂ ಇತ್ತು.

ಆ ಗಾಜಿನ ವಿಷಯ ಹೇಳಬೇಕು. ನೋಡಲು ರೂಪಾಯಿ ಬಿಲ್ಲೆಯಷ್ಟಗಲ, ಹಾಲಿಗೆ ನೀರು ಜಾಸ್ತಿ ಬೆರೆಸಿದ ಬಣ್ಣ. ಅವಳ ಗೈಡ್ ಪ್ರೊಫೆಸರ್ ರವೀಂದ್ರ ಅವರ ಹಳೆಯ ಸ್ನೇಹಿತರೊಬ್ಬರು ಮಾಡಿಕೊಟ್ಟಿದ್ದು. ಆ ಸ್ನೇಹಿತರು ತೀರಿಕೊಂಡ ಮೇಲೆ ಮಾಡುವವರು ಇರಲಿಲ್ಲ. ಇದ್ದಷ್ಟರಲ್ಲೇ ಕೆಲಸ ಮುಗಿಸಬೇಕಿತ್ತು.

"ಅಕ್ಕ, ಇದರೊಳಗೆಲ್ಲ ತೂತು," ಅಂತ ಒಂದು ಬಿಲ್ಲೆಯನ್ನು ನನ್ನ ಅಂಗೈಯಲ್ಲಿಟ್ಟಳು.

"ಎಲ್ಲೇ ತೂತು? ನಿನ್ನ ತಲೇಲಿ."

"ಕಣ್ಣಿಗೆ ಕಾಣಲ್ಲ ಕಣಕ್ಕ. ಒಂದು ಕೂದಲನ್ನ ಉದ್ದಕ್ಕೆ ಹತ್ತು ಸಾವಿರ ಸೀಳು ಮಾಡಿದ್ರೆ ಒಂದು ಸೀಳು ಎಷ್ಟಿರುತ್ತೋ ಅಷ್ಟಗಲ. ನಾಲಿಗೆ ತುದಿಗೆ ಮುಟ್ಟಿಸಿ ನೋಡಿ."

ಮುಟ್ಟಿಸಿದೆ. ಬಿಲ್ಲೆ ಗಪ್ಪನೆ ನಾಲಿಗೆಗೆ ಅಂಟಿಕೊಂಡಿತು, ಎಳೆದರೆ ಚರ್ಮ ಜಗ್ಗಿತು. ತೂತುಗಳೆಲ್ಲ ನೀರು ಕುಡಿಯುತ್ತಿವೆ ಅಂತ ಅವಳು ಚಪ್ಪಾಳೆ ತಟ್ಟಿ ನಕ್ಕಳು. ಇಂಥ ಗಾಜನ್ನು ಒಂದು ಹದಕ್ಕೆ ಕಾಯಿಸಿದಾಗ ಅದು ತನ್ನೊಳಗೇ ಎರಡು ಬಗೆಯಾಗಿ ಬೇರೆಯಾಗುತ್ತದಂತೆ, ಎರಡೂ ಒಂದಕ್ಕೊಂದು ಹೆಣೆದುಕೊಂಡು. ಆಸಿಡ್‌ನಲ್ಲಿ ನೆನೆಹಾಕಿದರೆ ಒಂದು ಕರಗಿ ಹೋಗಿ ಇನ್ನೊಂದು ಉಳಿಯುತ್ತದೆ. ಬಲಿತ ಹೀರೇಕಾಯಿ ಒಣಗಿ ನಾರು ಮಾತ್ರ ಉಳಿದ ಹಾಗೆ ಅಂತ ನಾನು ತಿಳಿದುಕೊಂಡೆ. ಆ ಬಿಲ್ಲೆಯ ಆಚೆ ಈಚೆ ಉಪ್ಪುನೀರು ತುಂಬಿ ತಂತಿ ಇಳಿಬಿಟ್ಟು, ಕರಗಿದ ಉಪ್ಪು ಎಷ್ಟು ಸಲೀಸಾಗಿ ಆ ಕಡೆಯಿಂದ ಈ ಕಡೆಗೆ ದಾಟುತ್ತದೆ ಅಂತ ಅಳೆಯುವುದು ಅವಳ ಕೆಲಸ. ನೀರಿನಲ್ಲಿ ಉಪ್ಪು ಧನ ಒಂದು, ಋಣ ಒಂದು ಅಂತ ಎರಡಾಗುತ್ತದೆ; ಅವಕ್ಕೆ ಅಯಾನು ಅಂತ ಹೆಸರು. ತೂತಿನ ಗೋಡೆಯಲ್ಲಿ ಮೊದಲೇ ಋಣ ಇರುವುದರಿಂದ ಧನದವರಿಗೆ ದಾರಿ ಸಲೀಸು, ಋಣದವರಿಗೆ ತಡೆ.

"ಹೆಣ್ಣಿನ ಕಡೆಯೋರು ಛತ್ರದ ಊಟದ ಬಾಗಿಲಲ್ಲಿ ನಿಂತ್ಕಂಡಂಗೆ ಅನ್ನು. ಯಾರನ್ನ ಮೊದಲ್ನೇ ಪಂಕ್ತಿಗೆ ಬಿಡ್ಬೇಕು ಅಂತ ಅವ್ರಿಗೆ ಗೊತ್ತು," ಅಂದೆ.

ಮಾರನೇ ದಿನ ಅವಳು ಕ್ಲಾಸಿನಲ್ಲಿ ಅದನ್ನೇ ಹೇಳಿ ಮಕ್ಕಳನ್ನು ನಗಿಸಿದಳಂತೆ.

ಬಿಲ್ಲೆಗಳು ಅಟ್ಟಕ್ಕೆ ಬಂದದ್ದು ಕಾಲೇಜಿನ ಲ್ಯಾಬು ಸೋರಲು ಶುರುವಾದ ಒಂದು ಮಳೆಗಾಲದಲ್ಲಿ. ಗಾಳಿಯಾಡಲಿ ಅಂತ ಡಬ್ಬಿಯ ಮುಚ್ಚಳಕ್ಕೆ ತೂತು ಹೊಡೆದು, ಕಾಯಿರಾಶಿಗೂ ಕೊಬ್ಬರಿ ಚೀಲಗಳಿಗೂ ನಡುವೆ ಇಟ್ಟಿದ್ದಳು. ಲ್ಯಾಬು ಸರಿಹೋದ ಮೇಲೆ ತೆಗೆದುಕೊಂಡು ಹೋಗಿ ಅಳೆದರೆ, ಉಪ್ಪು ಮೊದಲಿನಷ್ಟು ದಾಟುತ್ತಿಲ್ಲ. ತಂತಿ ಬದಲಾಯಿಸಿದಳು, ಉಪ್ಪು ಬದಲಾಯಿಸಿದಳು, ನೀರು ಬದಲಾಯಿಸಿದಳು. ಏನು ಮಾಡಿದರೂ ಅಷ್ಟೇ. ಕೆಲವನ್ನು ಮತ್ತೆ ಅಟ್ಟದಲ್ಲಿಟ್ಟು ತಿಂಗಳಿಗೊಂದರಂತೆ ತೆಗೆದು ಅಳೆಯುತ್ತಾ ಬಂದಳು. ಹೆಚ್ಚು ಕಾಲ ಇದ್ದದ್ದು ಕಡಿಮೆ ದಾಟಿಸುತ್ತಿತ್ತು. ಏರುಪೇರಿಲ್ಲದೆ, ಮೆಟ್ಟಿಲಿಳಿದ ಹಾಗೆ.

ಆ ಸಂಜೆ ಅವಳು ಅಡುಗೆಮನೆಗೆ ಬಂದ ಬಗೆ ನನಗೆ ಮರೆಯುವುದಿಲ್ಲ. ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಕೈಯಲ್ಲಿ ಗ್ರಾಫ್ ಹಾಳೆ.

"ಗಾಜು ಸುಮ್ನೆ ಕೂತಿಲ್ಲ ಅಕ್ಕ. ಒಳಗೊಳಗೇ ಜೋಡಿಸ್ಕೊಳ್ತಿದೆ. ತೂತಿನ ಗೋಡೆಗಳು ತಾವಾಗೇ ಬದಲಾಗ್ತಿವೆ. ಗಾಜು ಮಾಗ್ತಿದೆ! ಯಾರೂ ಇದನ್ನ ಬರ್ದಿಲ್ಲ, ಎಲ್ಲ ಕಡೆ ಹುಡುಕಿದೀನಿ."

ಮಾಗುವುದು ಅನ್ನುವ ಮಾತು ಅವಳಿಗೆ ಯಾವ ಪುಸ್ತಕದಿಂದಲೂ ಬಂದಿದ್ದಲ್ಲ. ಅಟ್ಟದ ಕೆಳಗೆ ಹುಟ್ಟಿ ಬೆಳೆದವರಿಗೆ, ಮುಟ್ಟದೆ ಬಿಟ್ಟ ವಸ್ತು ತನ್ನಷ್ಟಕ್ಕೆ ತಾನು ಒಳ್ಳೆಯದಾಗುತ್ತದೆ ಅನ್ನುವುದು ಹೇಳಿಕೊಡಬೇಕಾದ ವಿಷಯವಲ್ಲ. ಇಂಗ್ಲಿಷಿನಲ್ಲಿ ಬರೆದ ಪ್ರಬಂಧದಲ್ಲೂ ಅದಕ್ಕೆ ಕನ್ನಡದ ಹೆಸರನ್ನೇ ಇಟ್ಟಳು. ಪ್ರೊಫೆಸರ್ ರವೀಂದ್ರ ಖುಷಿಯಿಂದ ಒಪ್ಪಿದರು. ಮೂರು ಅಧ್ಯಾಯ ಇದ್ದ ಪ್ರಬಂಧಕ್ಕೆ ಅದೇ ನಾಲ್ಕನೆಯದಾಯಿತು, ಅದೇ ಜೀವವೂ ಆಯಿತು. ಮೊದಲಿನ ಮೂರು ಬೇರೆಯವರು ಹೇಳಿದ್ದನ್ನು ಒಪ್ಪವಾಗಿ ಹೇಳಿದ್ದು ಅಷ್ಟೇ ಅಂತ ಅವಳೇ ಹೇಳುತ್ತಿದ್ದಳು.

ಒಂದು ಸಣ್ಣ ಅಡ್ಡಿ ಬಂದಿತ್ತು. ಇಂಥ ಗಾಜನ್ನು ಅಳೆಯುವ ಮೊದಲು ಪೆರಾಕ್ಸೈಡ್ ಅನ್ನುವ ದ್ರಾವಣದಲ್ಲಿ ಕುದಿಸಿ ತೊಳೆಯುವುದು ವಾಡಿಕೆಯಂತೆ. ಮಾಗಿದ ಒಂದು ಬಿಲ್ಲೆಯನ್ನು ಹಾಗೆ ಕುದಿಸಿದಾಗ ಅದು ಹೊಸದರಂತೆಯೇ ಆಗಿಬಿಟ್ಟಿತು. ಬಿಸಿಗೆ ಮಾಗಿದ್ದು ಬಿಚ್ಚಿಕೊಂಡಿತು ಅಂತ ಭವ್ಯ ತೀರ್ಮಾನಿಸಿದಳು. ಆಮೇಲೆ ಕುದಿಸುವುದನ್ನೇ ಬಿಟ್ಟಳು. ಬಿಲ್ಲೆಗಳು ತುಸು ಹಳದಿ ತಿರುಗಿದ್ದವು ಕೂಡ. ನಮ್ಮ ಮನೆಯಲ್ಲಿ ಹಳದಿ ತಿರುಗದ್ದು ಯಾವುದಿದೆ? ಗೋಡೆ, ದೇವರ ಪಟದ ಗಾಜು, ನಮ್ಮ ಯಜಮಾನರ ಪಂಚೆ, ಎಲ್ಲ ಅದೇ ಬಣ್ಣ. ಯಾರೂ ಅದನ್ನೊಂದು ಸಂಗತಿ ಅಂತ ನೋಡಲಿಲ್ಲ.

ಶರಣಮ್ಮ ಬಂದದ್ದು ಪ್ರಬಂಧ ಹೆಚ್ಚೂಕಡಿಮೆ ಮುಗಿದ ಮೇಲೆ. ಭವ್ಯನ ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗಿ, ಲಿಂಗಸುಗೂರಿನ ಕಡೆಯವಳು, ಊರಲ್ಲಿ ರೂಮು ಮಾಡಿಕೊಂಡಿದ್ದಳು. ಒಂದು ಭಾನುವಾರ ಭವ್ಯ ಅವಳನ್ನು ಊಟಕ್ಕೆ ಕರೆತಂದಳು. ಉಂಡಾದ ಮೇಲೆ ನನ್ನ ಗಾಜು ನೋಡು ಬಾ ಅಂತ ಏಣಿ ಹತ್ತಿಸಿದಳು. ಹಿಂದೆ ನಾನೂ ಹತ್ತಿದೆ, ಎರಡು ಕಾಯಿ ತರುವುದಿತ್ತು.

ಶರಣಮ್ಮ ಅಟ್ಟದೊಳಗೆ ತಲೆ ಹಾಕಿದವಳೇ ಸೆರಗು ಮೂಗಿಗೆ ಹಿಡಿದಳು. "ಮೇಡಂ, ಇಲ್ಲಿ ಎಣ್ಣಿ ಗಾಣ ಏನರ ಐತೇನ್ರಿ?"

"ಇಲ್ವಲ್ಲ. ಯಾಕೆ?"

"ಎಣ್ಣಿ ಹಳೇದಾದ ಮ್ಯಾಲೆ ಬರ್ತದಲ್ರಿ, ಆ ವಾಸನಿ. ಭಾಳ ಐತ್ರಿ."

ಭವ್ಯ ನಗುತ್ತಲೇ ಡಬ್ಬಿ ತೆರೆದು ಒಂದು ಬಿಲ್ಲೆ ಅವಳ ಕೈಗಿಟ್ಟಳು. ಆ ಹುಡುಗಿ ನೋಡುವ ಮೊದಲು ಮೂಸಿದಳು. ಮೂಸಿ, ಹೇಳಲೋ ಬೇಡವೋ ಅಂತ ಒಂದು ಗಳಿಗೆ ನಮ್ಮಿಬ್ಬರ ಮುಖ ನೋಡಿದಳು.

"ಇದಕೂ ಅದ ವಾಸನಿ ಐತಲ್ರಿ ಮೇಡಂ."

ಭವ್ಯ ಬಿಲ್ಲೆ ಕಿತ್ತುಕೊಂಡು ಮೂಸಿದಳು. ನನಗೆ ಕೊಟ್ಟಳು. ನಾನೂ ಮೂಸಿದೆ. ನನಗೆ ಏನೂ ಬರಲಿಲ್ಲ. ಭವ್ಯ ಅಟ್ಟದಿಂದಲೇ ಅತ್ತೆಯನ್ನು ಕೂಗಿ, ಏಣಿಯ ಬುಡದಲ್ಲಿ ನಿಂತ ಅವರ ಕೈಗೆ ಇಳಿಸಿದಳು. ನಮ್ಮ ಅತ್ತೆ ಮೀನಾಕ್ಷಮ್ಮನವರ ಮೂಗು ಸಾಮಾನ್ಯದ್ದಲ್ಲ, ಪಕ್ಕದ ಮನೆಯ ಹಾಲು ಒಡೆದರೂ ಇಲ್ಲಿಂದಲೇ ಹೇಳುತ್ತಾರೆ. ಅವರು ಎರಡು ಸಲ ಎಳೆದು ಮೂಸಿದರು.

"ಯಾವ ವಾಸ್ನೆನೂ ಇಲ್ಲ ಕಣೇ. ಗಾಜು ಗಾಜಿನಂಗೈತೆ."

ಭವ್ಯನ ಮುಖ ನೋಡಿದೆ. ಅವಳು ಡಬ್ಬಿಯ ಮುಚ್ಚಳಕ್ಕೆ ತಾನೇ ಹೊಡೆದ ತೂತುಗಳನ್ನು ನೋಡುತ್ತಿದ್ದಳು. ಶರಣಮ್ಮ ಪಾಪ, ಸಮಾಧಾನ ಮಾಡಲು ಹೋಗಿ ಇನ್ನೂ ಕೆಡಿಸಿದಳು. "ಬಸ್ಸಿನ್ಯಾಗ ನಿಮ್ಮ ಬಾಜೂಕ ಕುಂತಾಗನೂ ಬರ್ತದ್ರಿ ಮೇಡಂ. ಈ ಊರಾಗ ಎಲ್ಲಾರಿಗೂ ಬರ್ತದ. ಸಿಟ್ಟು ಮಾಡಬ್ಯಾಡ್ರಿ."

ಅವಳು ಹೋದ ಮೇಲೆ ಭವ್ಯ ಕೋಣೆಗೆ ಹೋಗಿ ಪ್ರಬಂಧದ ಪ್ರತಿ ತಂದು ಅಡುಗೆಮನೆಯಲ್ಲಿ ನನ್ನ ಮುಂದೆ ಕೂತಳು. ಎರಡು ಸಾಲುಗಳನ್ನು ಕನ್ನಡಕ್ಕೆ ಮಾಡಿ ಓದಿದಳು. ಮೊದಲನೆಯದು ಮೊದಲ ಅಧ್ಯಾಯದ ಮೊದಲ ಪುಟದ್ದು: ಈ ಗಾಜು ಸುತ್ತಲಿನ ಗಾಳಿಯಲ್ಲಿರುವ ಎಣ್ಣೆಯ ಆವಿಯನ್ನು ಹೀರಿಕೊಂಡು ಹಳದಿಯಾಗುತ್ತದೆ, ಆದ್ದರಿಂದ ಎಚ್ಚರಿಕೆ ವಹಿಸಬೇಕು. ಎರಡನೆಯದು ನಾಲ್ಕನೇ ಅಧ್ಯಾಯದ್ದು: ಮಾಗುವ ಅವಧಿಯಲ್ಲಿ ಬಿಲ್ಲೆಗಳನ್ನು ಶುದ್ಧ ಗಾಳಿಯ ಒಣ ಕೋಣೆಯೊಂದರಲ್ಲಿ ಇಡಲಾಗಿತ್ತು.

"ಎರಡೂ ನಾನೇ ಬರ್ದಿದ್ದು ಅಕ್ಕ," ಅಂದಳು.

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು. ಆ ಹುಡುಗಿಗೆ ನೆಗಡಿಯೋ ಏನೋ, ಹೊರಗಿನವರಿಗೆ ನಮ್ಮ ಊರಿನದೆಲ್ಲ ವಾಸನೆಯೇ ಅಂತ ಬಾಯಿಗೆ ಬಂದದ್ದು ಅಂದೆ. ಅಂದರೂ ಒಳಗೆ ಗೊತ್ತಿತ್ತು. ನನ್ನ ತವರು ಶೆಟ್ಟಿಕೆರೆ, ಅಲ್ಲೂ ಕೊಬ್ಬರಿ ಅಟ್ಟ. ಭವ್ಯನ ತವರು ತಿಪಟೂರಿನ ಮಗ್ಗುಲಿನ ಹಳ್ಳಿ, ಅಲ್ಲೂ ಅಟ್ಟ. ಬಾಣಂತಿ ಕೋಣೆಯ ತಲೆಯ ಮೇಲೇ ಕಾಯಿರಾಶಿ ಇರುವ ಸೀಮೆ ಇದು. ಮೊದಲ ಉಸಿರಿನಿಂದ ಎಳೆದುಕೊಂಡ ವಾಸನೆಯನ್ನು ಮೂಗು ಹೇಗೆ ಕಂಡುಹಿಡಿದೀತು?

ಇನ್ನು ಒಂದೇ ದಾರಿ ಇತ್ತು. ಎಲ್ಲ ಬಿಲ್ಲೆಗಳನ್ನೂ ಕುದಿಸಿ ತೊಳೆದು ಹೊಸದು ಮಾಡಿ, ಅರ್ಧವನ್ನು ಅಟ್ಟದಲ್ಲಿಟ್ಟು, ಇನ್ನರ್ಧವನ್ನು ಕೊಬ್ಬರಿಯ ಗಾಳಿ ಸೋಕದ ಕಡೆ ಇಡುವುದು. ಅಲ್ಲಿಯೂ ಉಪ್ಪು ದಾಟುವುದು ಕಡಿಮೆಯಾದರೆ ಗಾಜು ನಿಜವಾಗಿ ಮಾಗುತ್ತಿದೆ, ಅವಳು ಕಂಡದ್ದು ನಿಜ. ಆಗದಿದ್ದರೆ ಇಲ್ಲ. ಆದರೆ ನಮ್ಮ ಈ ಕೊಬ್ಬರಿ ಸೀಮೆಯಲ್ಲಿ ಅಂಥ ಜಾಗ ಎಲ್ಲಿ ಹುಡುಕುವುದು? ನೆಂಟರ ಮನೆಗಳನ್ನೆಲ್ಲ ಬೆರಳು ಮಡಿಸಿ ನೆನೆದೆವು. ಎಲ್ಲರಿಗೂ ಅಟ್ಟ. ಕಾಲೇಜಿನ ಹಿಂದೆಯೇ ಕೊಬ್ಬರಿ ಗೋದಾಮು. ಹುಳಿಯಾರಿನಾಚೆ ಬೋರನಕಣಿವೆ ಕಡೆ ನಮಗೆ ಪರಿಚಯದ ಚಿತ್ತಣ್ಣ ಅಂತ ಕುರಿಯವನ ಹಟ್ಟಿ ಇದೆ ಅಂದೆ. ಅಲ್ಲಿ ಕೊಬ್ಬರಿ ಇಲ್ಲ, ಆದರೆ ಉಣ್ಣೆಯ ಜಿಡ್ಡಿರುತ್ತದಲ್ಲ ಅಂದಳು. ಅಷ್ಟು ದುಃಖದಲ್ಲೂ ಇಬ್ಬರಿಗೂ ನಗು ಬಂತು. ಕೊನೆಗೆ ಶರಣಮ್ಮನೇ ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಡಬ್ಬಿ ತೆಗೆದುಕೊಂಡು ಹೋದಳು. ನಮ್ಮವ್ವನ ಸೀರಿ ಅಲಮಾರದಾಗ ಇಡ್ತೀನ್ರಿ, ಒಲಿ ಮನಿಯಿಂದ ದೂರ ಐತಿ ಅಂತ ಮಾತು ಕೊಟ್ಟಳು.

ಆ ಬೇಸಿಗೆ ನಾನು ಪೂಜೆಗೆ ಕೂತಾಗಲೆಲ್ಲ ಲಿಂಗಸುಗೂರಿನಲ್ಲೂ ಗಾಜು ಮಾಗಲಿ ಅಂತ ಬೇಡಿಕೊಂಡೆ. ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಗಾಜಿಗಾಗಿ ಬೇಡಿಕೊಂಡವಳು ನಾನೊಬ್ಬಳೇ ಇರಬೇಕು. ಭವ್ಯ ಮಾತು ಕಡಿಮೆ ಮಾಡಿದಳು. ಒಮ್ಮೊಮ್ಮೆ ಮಗಳ ತಲೆ ಬಾಚುತ್ತಾ ಕೂದಲನ್ನು ಮೂಗಿಗೆ ಹಿಡಿಯುತ್ತಿದ್ದಳು. ವರ್ಷಿಣಿ, "ಏನಮ್ಮಾ ನಿಂದು," ಅಂತ ಕೊಸರಿಕೊಂಡು ಓಡುತ್ತಿದ್ದಳು.

ರಜೆ ಮುಗಿಸಿ ಶರಣಮ್ಮ ಬಂದಳು. ನಮಗೆ ಅಂತ ಶೇಂಗಾ ಚಟ್ನಿಪುಡಿ ತಂದಿದ್ದಳು. ಅದನ್ನ ಬ್ಯಾರೆ ಚೀಲದಾಗ ತಂದೀನ್ರಿ, ಗಾಜಿನ ಜತಿ ಇಟ್ಟಿಲ್ಲ ಅಂತ ತಾನೇ ಮೊದಲು ಹೇಳಿದಳು. ಭವ್ಯ ನನ್ನನ್ನೂ ಲ್ಯಾಬಿಗೆ ಕರೆದಳು. ಒಬ್ಬಳೇ ನೋಡುವ ಧೈರ್ಯ ಇಲ್ಲ ಅಕ್ಕ ಅಂದಳು.

ಮೊದಲು ಅಟ್ಟದ ಬಿಲ್ಲೆ ಹಾಕಿ ಅಳೆದಳು. ಮೀಟರಿನ ಅಂಕಿ ಕೆಳಗಿಳಿದಿತ್ತು, ಯಾವಾಗಲೂ ಇಳಿಯುವ ಹಾಗೆ. ಆಮೇಲೆ ಲಿಂಗಸುಗೂರಿನದು. ಅವಳು ಉಪ್ಪುನೀರು ತುಂಬಿ, ತಂತಿ ಇಳಿಬಿಟ್ಟು, ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಅಂಕಿ ಒಂದಿಷ್ಟು ತೂಗಾಡಿ ನಿಂತಿತು. ನನಗೆ ಅಂಕಿಯ ಅರ್ಥ ತಿಳಿಯದು, ಅವಳ ಬೆನ್ನು ನೋ​ಡಿ ತಿಳಿಯಿತು. ಬೇಸಿಗೆಯೆಲ್ಲ ಗಾಳಿಯಲ್ಲಿದ್ದೂ ಅದು ಹೊಸ ಗಾಜಿನ ಅಂಕಿಯನ್ನೇ ತೋರಿಸುತ್ತಿತ್ತು. ಉಳಿದವನ್ನೂ ಒಂದೊಂದಾಗಿ ಹಾಕಿದಳು. ಎಲ್ಲವೂ ಹಾಗೇ. ಕೊನೆಗೆ ಅಳೆಯದೆ ಉಳಿಸಿಕೊಂಡಿದ್ದ ಎರಡು ಬಿಲ್ಲೆಗಳನ್ನು ತೆಗೆದುಕೊಂಡು ನಾಲಿಗೆಗೆ ಮುಟ್ಟಿಸಿದಳು. ಲಿಂಗಸುಗೂರಿನದು ಅಂಟಿಕೊಂಡಿತು. ಅಟ್ಟದ್ದು ಜಾರಿ ಕೈಗೆ ಬಿತ್ತು.

"ನಮ್ಮ ಗಾಜು ಏನೂ ಮಾಡಿಲ್ಲ ಅಕ್ಕ," ಅಂದಳು. "ಸುಮ್ನೆ ಕೂತಿತ್ತು ಅಷ್ಟೇ. ಎಣ್ಣೆ ಕುಡೀತಾ."

ಗಡುವು ಹತ್ತಿರ ಬಂದಿತ್ತು. ಪ್ರೊಫೆಸರ್ ರವೀಂದ್ರ ಅವರ ಮನೆಗೂ ನಾನೇ ಜೊತೆಗೆ ಹೋದೆ. ರುದ್ರೇಶನಿಗೆ ಇನ್ನೂ ಏನೂ ಹೇಳಿರಲಿಲ್ಲ. ಅವನು ಪ್ರಬಂಧಕ್ಕೆ ಬೈಂಡು ಹಾಕಿಸಲು ಒಳ್ಳೆ ಕಡೆ ವಿಚಾರಿಸುತ್ತಿದ್ದ.

ಪ್ರೊಫೆಸರ್ ಎಲ್ಲವನ್ನೂ ಕೇಳಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ.

"ನಾನು ಅರಸೀಕೆರೆ ಕಡೆಯೋನು ಕಣಮ್ಮ," ಅಂದರು. "ನಿಮ್ಮ ಡಬ್ಬಿ ಎಷ್ಟು ಸಲ ಬಿಚ್ಚಿ ನೋಡಿದೀನಿ. ನನಗೂ ವಾಸನೆ ಬರ್ಲಿಲ್ಲ."

ಆಮೇಲೆ ಅವರು ದನಿ ತಗ್ಗಿಸಿದರು. "ಇದು ನಿಮಗೆ ಗೊತ್ತು, ನನಗೆ ಗೊತ್ತು. ಪರೀಕ್ಷಕರೇನು ನಿಮ್ಮ ಅಟ್ಟ ಹತ್ತಿ ಬರಲ್ಲ. ಕೊಟ್ಟುಬಿಡಿ ಭವ್ಯಶ್ರೀ. ಇಷ್ಟು ವರ್ಷ ಕಷ್ಟ ಬಿದ್ದಿದೀರ."

"ಆ ಅಧ್ಯಾಯ ತೆಗೀತೀನಿ ಸಾರ್."

"ತೆಗೆದ್ರೆ ಉಳಿಯೋದೇನಮ್ಮ?"

ಉಳಿಯುವುದು ಬೇರೆಯವರ ಮಾತಿನ ಮೂರು ಅಧ್ಯಾಯ. ಅಷ್ಟಕ್ಕೆ ಯಾರೂ ಪದವಿ ಕೊಡುವುದಿಲ್ಲ. ಕೊಬ್ಬರಿ ಎಣ್ಣೆಯ ವಿಷಯವನ್ನೇ ಬರೆಯಬಹುದಲ್ಲವೇ ಸಾರ್ ಅಂತ ನಾನು ಮಧ್ಯೆ ಬಾಯಿ ಹಾಕಿದೆ. ಅದು ಎಲ್ಲರಿಗೂ ಗೊತ್ತಿರೋದು ತಾಯಿ, ಎಲ್ಲ ಪುಸ್ತಕದ ಮೊದಲನೇ ಪುಟದಲ್ಲೇ ಇರುತ್ತೆ ಅಂದರು ಅವರು. ಅವರ ಕಣ್ಣು ತೇವವಾಗಿತ್ತು. ಒಳ್ಳೆಯ ಮನುಷ್ಯ. ಒಳ್ಳೆಯವರಾಗಿ ಏನು ಪ್ರಯೋಜನ?

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕೊಟ್ಟುಬಿಡೇ, ಯಾರಿಗೆ ನಷ್ಟ ಅಂತ ನಾನೂ ಅಂದೆ. ನನಗೆ ಅವಳು ಗೆಲ್ಲಬೇಕಿತ್ತು, ಹೇಗಾದರೂ ಸರಿ.

"ಡಿಗ್ರಿ ಹೋದ್ರೆ ಹೋಯ್ತು ಬಿಡಿ ಅಕ್ಕ," ಅಂದಳು. "ಗ್ರಾಫಿನಲ್ಲಿ ಆ ಗೆರೆ ನೇರವಾಗಿ ಬಂದ ದಿನ, ಗಾಜು ನನ್ನ ಹತ್ರ ಮಾತಾಡ್ತು ಅಂದ್ಕೊಂಡೆ. ಬೇರೆ ಯಾರ ಹತ್ರನೂ ಆಡದ ಮಾತು. ಅದನ್ನ ಅದೆಷ್ಟು ಸಲ ನೆನೆಸ್ಕೊಂಡು ನಿದ್ದೆ ಹೋಗಿದೀನಿ ಗೊತ್ತಾ? ಈಗ ಅದನ್ನೇ ಸುಳ್ಳು ಅಂತ ತಿಳ್ಕೊಂಡು ಹೆಸರಿನ ಮುಂದೆ ಇಟ್ಕೊಂಡು ಓಡಾಡ್ಲಾ?"

ಅವಳು ಕೊಡಲಿಲ್ಲ. ಗಡುವು ಬಂತು, ಹೋಯಿತು. ನೋಂದಣಿ ರದ್ದಾಯಿತು. ಕಾಲೇಜಿನವರು ಆ ವರ್ಷ ಅವಳನ್ನು ಕರೆಯಲಿಲ್ಲ. ಅವಳ ಜಾಗಕ್ಕೆ ಪಿಎಚ್‌ಡಿ ಆದ ಒಬ್ಬ ಹುಡುಗ ಬಂದ. ಶರಣಮ್ಮ ಒಂದೆರಡು ಸಲ ಮನೆಗೆ ಬಂದು, ತನ್ನಿಂದಲೇ ಹೀಗಾಯಿತು ಅಂತ ಅತ್ತು ಹೋದಳು. ಆಮೇಲೆ ಬರುವುದನ್ನು ಬಿಟ್ಟಳು.

ಮನೆಯಲ್ಲಿ ಭವ್ಯ ಎಲ್ಲವನ್ನೂ ಹೇಳಿದಳು. ಅತ್ತೆಗೆ ಅರ್ಥವಾದದ್ದು ಇಷ್ಟೇ: ನಮ್ಮ ಕೊಬ್ಬರಿಯ ವಾಸನೆ ಅವಳ ಗಾಜಿಗೆ ಹತ್ತಿದೆ.

"ಅಯ್ಯೋ ಮಗಾ, ಅಷ್ಟಕ್ಕೆ ಯಾಕೆ ಅಳ್ತೀಯಾ? ಸೀಗೆಪುಡಿ ಹಾಕಿ ತಿಕ್ಕುದ್ರೆ ಹೋಯ್ತದೆ ಬುಡು. ನಮ್ಮ ಕಾಯಿ ಒಳ್ಳೇವು, ಅದಕ್ಕೇ ಅಷ್ಟು ವಾಸ್ನೆ."

ರುದ್ರೇಶ ಮಾತಿನ ಮನುಷ್ಯನಲ್ಲ, ಆದರೆ ಹೆಂಡತಿಯನ್ನು ಕಂಡರೆ ಪ್ರಾಣ. ಅವಳು ಹಿತ್ತಲ ಕಟ್ಟೆಯ ಮೇಲೆ ಕೂತುಬಿಟ್ಟರೆ ಗಂಟೆಗಟ್ಟಲೆ ಏಳುತ್ತಿರಲಿಲ್ಲ. ಊಟಕ್ಕೆ ಕರೆದರೆ ಉಣ್ಣುತ್ತಿದ್ದಳು, ಕರೆಯದಿದ್ದರೆ ಇಲ್ಲ. ಅವನು ದೂರದಲ್ಲಿ ನಿಂತು ನೋಡುತ್ತಿದ್ದ, ಒಳಗೆ ಬಂದು ನನ್ನನ್ನು ಕೇಳುತ್ತಿದ್ದ. "ಏನ್ಮಾಡನ ಅತ್ತಿಗೆ? ಏನ್ ಮಾಡುದ್ರೆ ಇವ್ಳು ಮೊದ್ಲಿನಂಗಾಯ್ತಾಳೆ?"

ಆ ಸಲದ ಕಾಯಿ ಅಟ್ಟದಿಂದ ಇಳಿದು, ಸುಲಿದು ಒಡೆದು, ಅಂಗಳದ ತುಂಬ ಕೊಬ್ಬರಿ ರಾಶಿ ಬಿದ್ದಿತ್ತು. ತಿಪಟೂರಿನ ವ್ಯಾಪಾರಿ ಬೆಟ್ಟಸ್ವಾಮಿ ಇಬ್ಬರನ್ನು ಜೊತೆಗೆ ಕರೆದುಕೊಂಡು ನೋಡಲು ಬಂದಿದ್ದ. ಕೊಬ್ಬರಿ ಕೈಗೆತ್ತಿಕೊಂಡು, ಉಗುರಿನಿಂದ ಕೆರೆದು, ಮೂಸಿ, ಏನೂ ಅನ್ನದೆ ರಾಶಿಗೆ ಎಸೆಯುವುದು ಅವನ ರೀತಿ. ನಾನು ಬಾಗಿಲಲ್ಲಿದ್ದೆ. ಭವ್ಯ ಅವರಿಗೆ ಕಾಫಿ ತೆಗೆದುಕೊಂಡು ಹೋದಳು.

"ವಾಸ್ನೆ ಏನ್ ನೋಡ್ತೀರಾ ಬೆಟ್ಟಸ್ವಾಮಣ್ಣ," ಅಂದ ರುದ್ರೇಶ, ಯಾವತ್ತೂ ಇಲ್ಲದ ಗಟ್ಟಿ ದನಿಯಲ್ಲಿ. "ನಮ್ಮನೆ ಕೊಬ್ರಿ ವಾಸ್ನೆ ಗಾಜಿನೊಳಕ್ಕೂ ಇಳೀತದೆ. ನಾನೇಳ್ತಿಲ್ಲ, ರಿಸರ್ಚ್ ಆಗದೆ. ನಮ್ಮೋಳೇ ವರ್ಷಾನುಗಟ್ಲೆ ಕೂತ್ಕಂಡು ಕಂಡುಹಿಡಿದವಳೆ. ಕೇಳಿ ಬೇಕಾರೆ."

ನಾನು ಬಾಗಿಲಿಂದ ಒಂದು ಹೆಜ್ಜೆ ಮುಂದೆ ಬಂದೆ. ಅವನ ಮುಖ ನೋಡಿದರೆ ಹೊಡೆಯಲೂ ಆಗುತ್ತಿರಲಿಲ್ಲ. ಹಬ್ಬಕ್ಕೆ ಸೀರೆ ತಂದುಕೊಟ್ಟು, ಉಡುತ್ತಾಳೋ ಇಲ್ಲವೋ ಅಂತ ಕಾಯುವ ಗಂಡನ ಮುಖ ಅದು.

ಬೆಟ್ಟಸ್ವಾಮಿ ಲೋಟ ಕೈಗೆ ತೆಗೆದುಕೊಂಡು ಭವ್ಯನ ಕಡೆ ತಿರುಗಿದ. "ಹೌದೇನಮ್ಮ? ಗಾಜಿನೊಳಕ್ಕಿಳೀತದಾ?"

ಭವ್ಯ ಗಂಡನನ್ನು ನೋಡಿದಳು. ಬಹಳ ಹೊತ್ತು ನೋಡಿದಳು ಅಂತ ನನಗನ್ನಿಸಿತು.

"ಹೌದು," ಅಂದಳು.

"ಎಷ್ಟಾಳಕ್ಕೆ?"

"ಪೂರ್ತಿ ಇಳಿಯುತ್ತೆ. ಎರಡೂ ಮೈಯಿಂದ ಒಳಗೆ ಹೋಗಿ ನಡುವೆ ಸೇರುತ್ತೆ. ಗಾಜಿನ ತೂತುಗಳು ಬಹಳ ಸಣ್ಣವು, ಗೋಡೆಗೆಲ್ಲ ಎಣ್ಣೆ ಹಿಡಿಯುತ್ತೆ. ಆಮೇಲೆ ಆ ದಾರಿಯಲ್ಲಿ ಉಪ್ಪು ಕೂಡ ಸಲೀಸಾಗಿ ದಾಟಲ್ಲ."

ಪಾಠ ಮಾಡುವ ದನಿಯಲ್ಲಿ, ಒಂದೊಂದೇ ಮಾತನ್ನು ಬಿಡಿಸಿ ಹೇಳುತ್ತಿದ್ದಳು. ಬೆಟ್ಟಸ್ವಾಮಿಯ ಜೊತೆಗಿದ್ದವರು ಕೊಬ್ಬರಿ ಕೆಳಗಿಟ್ಟು ಕೇಳುತ್ತಿದ್ದರು.

"ಪರೀಕ್ಷೆ ಮಾಡಿ ನೋಡಿದ್ದೀರಾ? ಸುಮ್ಕೆ ಏಳ್ತಿಲ್ಲ ತಾನೇ?" ಅಂತ ಅವರಲ್ಲೊಬ್ಬ ಕೇಳಿದ.

"ಮತ್ತೆ ಮತ್ತೆ ಮಾಡಿ ನೋಡಿದೀನಿ. ಬೇರೆ ಊರಲ್ಲಿ ಇಟ್ಟೂ ನೋಡಿದೀನಿ. ಬೇರೆ ಊರಲ್ಲಿ ಆಗಲ್ಲ, ನಮ್ಮನೇಲಿ ಆಗುತ್ತೆ. ಸಂಶಯ ಬೇಡ."

ರುದ್ರೇಶ ತುಂಬಿ ಬಂದ ಮುಖದಿಂದ ಎಲ್ಲರನ್ನೂ ನೋಡಿದ. ಬೆಟ್ಟಸ್ವಾಮಿ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ ಲೋಟವನ್ನು ಅವಳ ಟ್ರೇಯಲ್ಲಿ ಇಟ್ಟ.

"ಹಂಗಾರೆ ತೂಕಕ್ಕೆ ಹಾಕ್ರಪ್ಪ," ಅಂದ.